ತೋಟದ ಗುಡಿಸಲು, ಮುನ್ನೂರು ಪೌಂಡು

ತನ್ನ ಬಾಳಿನ ಕಥೆಯನ್ನು ತಾನೇ ಬರೆಯುವುದು ಎಲ್ಲಕ್ಕಿಂತ ಸುಲಭವಾದ ಬರವಣಿಗೆಯೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಕಾದಂಬರಿಕಾರನಂತೆ ಪಾತ್ರಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಇತಿಹಾಸಕಾರನಂತೆ ಕಡತಗಳ ಧೂಳು ಕೊಡವಬೇಕಾಗಿಲ್ಲ. ಸಾಮಗ್ರಿಯೆಲ್ಲವೂ ಮನಸ್ಸಿನ ಉಗ್ರಾಣದಲ್ಲಿ ಮೊದಲೇ ಸಂಗ್ರಹವಾಗಿದೆಯೆಂದು ನಾವು ತಿಳಿಯುತ್ತೇವೆ. ಲೇಖನಿ ಹಿಡಿದು ಕುಳಿತವರ ಅನುಭವವಾದರೋ ಬೇರೆ. ಕಣ್ಣಿಗೆ ತೀರ ಹತ್ತಿರ ಹಿಡಿದ ಅಕ್ಷರವನ್ನು ಓದಲಾಗದಂತೆ, ತನಗೆ ತೀರ ಹತ್ತಿರವಾದ ಬದುಕನ್ನು ಕಾಣುವುದೂ ಕಷ್ಟ. ಆ ಬದುಕು ನೋವಿನದಾಗಿದ್ದರಂತೂ ಬರೆಯಬೇಕಾದ ಕೈಯೇ ನಡುಗುತ್ತದೆ. ಆತ್ಮಕಥನಕ್ಕೆ ಪ್ರತಿಭೆಯಷ್ಟೇ ಅವಶ್ಯವಾದುದು ದೂರ: ಕಾಲದ ದೂರ, ಸ್ಥಳದ ದೂರ, ಭಯದಿಂದ ದೂರ.

ಈ ದೂರವನ್ನು ಕಲಾವಿದನು ತಾನೊಬ್ಬನೇ ಗಳಿಸಿಕೊಳ್ಳಬಲ್ಲನೆ? ಕೆಲವರು ಗಳಿಸಿಕೊಂಡಿದ್ದಾರೆ. ಬಹುಮಂದಿಗೆ ಅದನ್ನು ಬೇರೆಯವರು ಒದಗಿಸಿಕೊಡಬೇಕಾಗುತ್ತದೆ. ಒದಗಿಸುವ ದಾರಿಗಳು ಮುಖ್ಯವಾಗಿ ಎರಡು. ಅನುಭವಿಯಾದ ಹಿರಿಯನೊಬ್ಬನ ಆಸರೆ ಒಂದು. ಹೊಟ್ಟೆಬಟ್ಟೆಯ ಚಿಂತೆಯನ್ನು ಕೆಲಕಾಲವಾದರೂ ಮರೆಸುವ ಧನಸಹಾಯ ಇನ್ನೊಂದು. ಇವೆರಡೂ ಕೂಡಿ ಬಂದಾಗ ಏನಾಗಬಲ್ಲುದು, ಇವುಗಳ ಮಿತಿಯೇನು, ಅಪಾಯವೇನು ಎಂಬುದಕ್ಕೆ ನ್ಯೂಜಿಲೆಂಡಿನ ಲೇಖಕಿ ಜಾನೆಟ್ ಫ್ರೇಮ್ ಅವರ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಅಪರೂಪ.

ರೈಲ್ವೆ ನೌಕರನ ಮಗಳು

ಜಾನೆಟ್ ಫ್ರೇಮ್ ಹುಟ್ಟಿದುದು ೧೯೨೪ರಲ್ಲಿ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಡನೀಡಿನ್ ನಗರದಲ್ಲಿ. ತಂದೆ ರೈಲ್ವೆ ನೌಕರರು. ತಾಯಿ ಮನೆಗೆಲಸದ ನಡುವೆ ಪದ್ಯ ಕಟ್ಟಿ, ಅವನ್ನು ಮನೆಮನೆಗೆ ಕೊಂಡೊಯ್ದು ಮಾರಿದವರು. ಐವರು ಮಕ್ಕಳ ಆ ಸಂಸಾರ ಓಮರೂ ಎಂಬ ಸಣ್ಣ ಪಟ್ಟಣದಲ್ಲಿ ನೆಲೆಸಿತು. ಮನೆಯಲ್ಲಿ ಬಡತನವಿತ್ತು, ಪುಸ್ತಕಗಳ ಹುಚ್ಚೂ ಇತ್ತು. ಒಬ್ಬನೇ ಅಣ್ಣ ಮೂರ್ಛೆರೋಗದಿಂದ ನರಳುತ್ತಿದ್ದ. ಅಕ್ಕ ಮರ್ಟಲ್ ೧೯೩೭ರಲ್ಲಿ ಊರಿನ ಈಜುಕೊಳದಲ್ಲಿ ಮುಳುಗಿ ತೀರಿಕೊಂಡಳು. ಹತ್ತು ವರ್ಷಗಳ ತರುವಾಯ, ೧೯೪೭ರಲ್ಲಿ, ತಂಗಿ ಇಸಬೆಲ್ ಕೂಡ ನೀರಿನಲ್ಲಿಯೇ ಪ್ರಾಣ ಬಿಟ್ಟಳು.

ಈ ಎರಡು ಸಾವುಗಳ ನಡುವಣ ಕಾಲದಲ್ಲಿ ಜಾನೆಟ್ ಡನೀಡಿನ್ನಿನಲ್ಲಿ ಶಿಕ್ಷಕಿಯಾಗಲು ತರಬೇತಿ ಪಡೆದರು. ಅತಿಶಯವಾದ ಸಂಕೋಚ ಅವರ ಸ್ವಭಾವ. ೧೯೪೫ರಲ್ಲಿ, ಪಾಠ ನೋಡಲು ಇನ್‌ಸ್ಪೆಕ್ಟರು ಬಂದ ದಿನ, ತರಗತಿಯಿಂದ ಹೊರನಡೆದವರು ಮತ್ತೆ ಒಳಗೆ ಕಾಲಿಡಲಿಲ್ಲ. ಆ ವರ್ಷವೇ ಸೀಕ್ಲಿಫ್ ಎಂಬಲ್ಲಿನ ಮಾನಸಿಕ ಆಸ್ಪತ್ರೆಗೆ ಅವರನ್ನು ಸೇರಿಸಲಾಯಿತು. ಅವರಿಗಿರುವುದು ಸ್ಕಿಜೋಫ್ರೇನಿಯಾ ಎಂದು ವೈದ್ಯರು ತೀರ್ಮಾನಿಸಿದರು. ಅಲ್ಲಿಂದ ಮುಂದೆ ಸುಮಾರು ಎಂಟು ವರ್ಷಗಳ ಕಾಲ ಅವರ ಯೌವನ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗಿ ಬರುವುದರಲ್ಲಿಯೇ ಸವೆಯಿತು. ಅರಿವಳಿಕೆಯಿಲ್ಲದೆ ವಿದ್ಯುತ್ ಆಘಾತದ ಚಿಕಿತ್ಸೆಯನ್ನು ಇನ್ನೂರಕ್ಕೂ ಹೆಚ್ಚು ಬಾರಿ ತಾನು ಅನುಭವಿಸಿದುದಾಗಿ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಆತ್ಮಕಥನಕ್ಕೆ ಅವರ ಬಳಿ ಇದ್ದ ಬಂಡವಾಳ ಇದು. ಇಷ್ಟು ಬಂಡವಾಳವುಳ್ಳವರು ಲೋಕದಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಬಹುಮಂದಿಯ ಕಥೆ ಅವರೊಡನೆಯೇ ಮಣ್ಣಾಗುತ್ತದೆ.

ಗಾಯವನ್ನು ಮೆಚ್ಚಿದ ಗುರು

ಫ್ರೇಮ್ ಅವರಿಗೆ ಮೊದಲು ದೊರೆತ ಮಾರ್ಗದರ್ಶಕರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಒಬ್ಬ ತರುಣ ಉಪನ್ಯಾಸಕರು. ಅವರಿಂದಾದ ಉಪಕಾರ ಸಣ್ಣದಲ್ಲ. ಆಕೆಯ ಕಥೆಗಳನ್ನು ಓದಿದರು, ಮೆಚ್ಚಿದರು, ಪ್ರಕಾಶಕರ ಕೈಗೆ ತಲಪಿಸಿದರು. ಆದರೆ ಅದೇ ಸಂಬಂಧದಲ್ಲಿ ಇನ್ನೊಂದು ಎಳೆಯೂ ಇತ್ತು. ವ್ಯಾನ್ ಗೋ, ಶೂಮನ್, ಹ್ಯೂಗೋ ವುಲ್ಫ್ ಮೊದಲಾದ ಕಲಾವಿದರ ಹೆಸರುಗಳೊಡನೆ ತನ್ನ ಕಾಯಿಲೆಯನ್ನು ಜೋಡಿಸಿ ಅವರು ಮಾತನಾಡಿದಾಗ, ಆ ಒಂಟಿ ಹುಡುಗಿಗೆ ಕಾಯಿಲೆಯೇ ಒಂದು ಬಿರುದಿನಂತೆ ತೋರಿತು. ಅದರ ಲಕ್ಷಣಗಳನ್ನು ಪುಸ್ತಕಗಳಲ್ಲಿ ಓದಿ, ಹಿರಿಯರ ಆಸಕ್ತಿ ಮಾಸದಂತೆ ಅವನ್ನು ತನ್ನ ಮಾತಿನಲ್ಲಿ ನೇಯ್ದು ಒಪ್ಪಿಸುತ್ತಿದ್ದುದನ್ನು ಫ್ರೇಮ್ ಮುಂದೆ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿಕೊಂಡಿದ್ದಾರೆ.

ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆತ್ಮಕಥನಕ್ಕೆ ಮಾರ್ಗದರ್ಶನ ಮಾಡುವವರು ನೆನಪಿಡಬೇಕಾದ ಮೊದಲ ಎಚ್ಚರಿಕೆ ಇದರಲ್ಲಿಯೇ ಇದೆ. ಗುರುವಿಗೆ ಕಲಾವಿದನ ಕೃತಿಗಿಂತ ಅವನ ಗಾಯದ ಮೇಲೆ ಹೆಚ್ಚು ಕುತೂಹಲವಿದ್ದರೆ, ಶಿಷ್ಯನು ಗಾಯವನ್ನೇ ಅಲಂಕರಿಸತೊಡಗುತ್ತಾನೆ. ಬೇರೆ ಬಗೆಯ ಕಲೆಯಲ್ಲಿ ಇದರಿಂದ ಕೃತಿ ಕೆಡಬಹುದು; ಆತ್ಮಕಥನದಲ್ಲಿ ಬದುಕೇ ಕೆಡುತ್ತದೆ.

ಆ ಬದುಕು ಕೆಡುವುದರ ಅಂಚಿಗೂ ಬಂದಿತ್ತು. ಫ್ರೇಮ್ ಸೀಕ್ಲಿಫ್ ಆಸ್ಪತ್ರೆಯಲ್ಲಿದ್ದಾಗ ಅವರ ಮೊದಲ ಪುಸ್ತಕ ‘ದ ಲಗೂನ್’ ಎಂಬ ಕಥಾಸಂಕಲನ, ೧೯೫೧ರ ಮುದ್ರೆ ಹೊತ್ತು, ಮರುವರ್ಷ ವಾಚಕರ ಕೈಸೇರಿತು. ಅದೇ ಹೊತ್ತಿಗೆ ಆಸ್ಪತ್ರೆಯವರು ಅವರ ಮಿದುಳಿನ ನರಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಗೆ ಸಿದ್ಧತೆ ನಡೆಸಿದ್ದರು. ತಾಯಿಯಿಂದ ಒಪ್ಪಿಗೆಯ ರುಜುವನ್ನೂ ಪಡೆದಾಗಿತ್ತು. ಆ ಸಮಯಕ್ಕೆ ಸರಿಯಾಗಿ ಆ ಪುಸ್ತಕಕ್ಕೆ ಹ್ಯೂಬರ್ಟ್ ಚರ್ಚ್ ಹೆಸರಿನ ಸಾಹಿತ್ಯ ಬಹುಮಾನ ಬಂದಿತು. ಸುದ್ದಿಯನ್ನು ಪತ್ರಿಕೆಯಲ್ಲಿ ಕಂಡ ಆಸ್ಪತ್ರೆಯ ಮೇಲಧಿಕಾರಿ ತಾವಾಗಿ ಬಂದು, ಶಸ್ತ್ರಕ್ರಿಯೆ ಬೇಡ, ಇದ್ದಂತೆಯೇ ಇರಲಿ ಎಂದು ನಿರ್ಧರಿಸಿದರು. ಬಹುಮಾನಗಳಿಂದ ಸಾಹಿತ್ಯಕ್ಕೇನು ಪ್ರಯೋಜನವೆಂದು ನಾವು ಕೆಲವೊಮ್ಮೆ ಮೂಗು ಮುರಿಯುವುದುಂಟು. ಈ ಒಂದು ಬಹುಮಾನ ಒಬ್ಬ ಲೇಖಕಿಯ ನೆನಪಿನ ಭಂಡಾರವನ್ನೇ ಕತ್ತಿಯ ಬಾಯಿಂದ ಉಳಿಸಿಕೊಟ್ಟಿತು.

ಟಕಪುನದ ಗುಡಿಸಲು

೧೯೫೫ರಲ್ಲಿ ಆಸ್ಪತ್ರೆಯಿಂದ ಹೊರಬಂದ ಫ್ರೇಮ್ ಉತ್ತರ ದ್ವೀಪದ ಆಕ್ಲೆಂಡ್ ನಗರದ ಬಳಿ ತಂಗಿ ಜೂನ್ ಅವರ ಮನೆಯಲ್ಲಿ ಉಳಿದುಕೊಂಡಿದ್ದರು. ತಂಗಿ ಮತ್ತು ಆಕೆಯ ಪತಿ ಅವರನ್ನು ಟಕಪುನದಲ್ಲಿದ್ದ ಫ್ರಾಂಕ್ ಸಾರ್ಜೆಸನ್ ಅವರ ಮನೆಗೆ ಕರೆದುಕೊಂಡು ಹೋದರು. ಸಾರ್ಜೆಸನ್ ಆಗ ಆ ದೇಶದ ಸಣ್ಣಕಥೆಯ ಹಿರಿಯರು, ವಯಸ್ಸು ಐವತ್ತೆರಡು. ವಕೀಲಿ ಕಲಿತು ಅದನ್ನು ಬಿಟ್ಟವರು. ತೋಟದಲ್ಲಿ ತಾವೇ ಬೆಳೆದ ತರಕಾರಿ, ಅತ್ಯಲ್ಪ ವರಮಾನ, ದಿನನಿತ್ಯದ ಬರವಣಿಗೆ: ಇಷ್ಟರಲ್ಲಿ ಬಾಳು ಸಾಗಿಸುತ್ತಿದ್ದ ಅವರ ಮನೆ ತರುಣ ಲೇಖಕರ ತಂಗುದಾಣವಾಗಿತ್ತು. ಮನೆಯ ಹಿಂದಣ ತೋಟದಲ್ಲಿ ಸೈನ್ಯದವರು ಬಳಸಿ ಬಿಟ್ಟಿದ್ದ ಹಳೆಯ ಗುಡಿಸಲೊಂದು ಇತ್ತು. ಇಲ್ಲಿದ್ದು ಬರೆಯಬಹುದು ಎಂದು ಅವರು ಫ್ರೇಮ್ ಅವರಿಗೆ ಹೇಳಿದರು.

ಆ ಗುಡಿಸಲಿನಲ್ಲಿ ಇದ್ದುದು ಒಂದು ಮಂಚ, ಒಂದು ಮೇಜು, ಒಂದು ಸೀಮೆಎಣ್ಣೆ ದೀಪ, ನೆಲದ ಮೇಲೊಂದು ಚಾಪೆ, ಚಿಕ್ಕದೊಂದು ಕಿಟಕಿ. ಅಲ್ಲಿ ಫ್ರೇಮ್ ೧೯೫೫ರಿಂದ ೧೯೫೬ರ ನಡುವರೆಗೆ, ಸುಮಾರು ಹದಿನೈದು ತಿಂಗಳು ಇದ್ದರು. ಸಾರ್ಜೆಸನ್ ಮೊದಲು ಮಾಡಿದ ಕೆಲಸ ಸಾಹಿತ್ಯ ಬೋಧನೆಯಲ್ಲ. ಸಹಾನುಭೂತಿಯುಳ್ಳ ವೈದ್ಯರೊಬ್ಬರನ್ನು ಕಂಡು, ಸರ್ಕಾರದಿಂದ ರೋಗಿಗಳಿಗೆ ಸಲ್ಲುವ ವಾರಕ್ಕೆ ೩ ಪೌಂಡುಗಳ ಭತ್ಯೆಯನ್ನು ಆಕೆಗೆ ಗೊತ್ತುಮಾಡಿಸಿದುದು. ಅನ್ನದ ಪ್ರಶ್ನೆ ಬಗೆಹರಿದ ಮೇಲೆ ಉಳಿದುದು ಶಿಸ್ತು. ಅದನ್ನು ಅವರು ಬಾಯಿಂದ ಹೇಳಲಿಲ್ಲ, ಬದುಕಿ ತೋರಿಸಿದರು. ಬೆಳಗಿನ ಹೊತ್ತು ಇಬ್ಬರೂ ತಮ್ಮ ತಮ್ಮ ಮೇಜಿನ ಮುಂದೆ. ಮಧ್ಯಾಹ್ನದ ಊಟಕ್ಕೆ ಕೂಡಿದಾಗ ಪುಸ್ತಕಗಳ ಮಾತು. ಟಾಲ್‌ಸ್ಟಾಯ್, ಪ್ರೂಸ್ತ್ ಮೊದಲಾದವರ ಓದು.

ಬರವಣಿಗೆಯನ್ನು ಒಂದು ಉದ್ಯೋಗದಂತೆ ನಿತ್ಯವೂ ಮಾಡಬಹುದೆಂಬುದು, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲವೆಂಬುದು ಫ್ರೇಮ್ ಅವರಿಗೆ ಹೊಸ ವಿಷಯ. ಶಾಲೆಯ ನೋಟ್‌ಪುಸ್ತಕದಲ್ಲಿ ಗೆರೆ ಎಳೆದು, ಬರೆಯಬೇಕೆಂದಿದ್ದ ಪುಟಗಳು, ಬರೆದ ಪುಟಗಳು, ಬರೆಯದಿದ್ದುದಕ್ಕೆ ನೆಪಗಳು ಎಂದು ಅವರು ಅಂಕಣ ಮಾಡಿಕೊಂಡಿದ್ದರು. ಬರೆಯಲು ಏನೂ ತೋಚದೆ ಕುಳಿತಿರುವಾಗ ತೋಟದಲ್ಲಿ ಹಿರಿಯರ ಹೆಜ್ಜೆಯ ಸಪ್ಪಳ ಕೇಳಿದರೆ, ಬೆರಳಚ್ಚು ಕಲಿಯುವವರು ಹೊಡೆಯುವ ಅಭ್ಯಾಸದ ಸಾಲನ್ನೇ ಹೊಡೆಯುತ್ತ ಕೆಲಸದಲ್ಲಿ ತೊಡಗಿರುವಂತೆ ತೋರಿಸಿಕೊಳ್ಳುತ್ತಿದ್ದರಂತೆ. ನಗು ಬರಿಸುವ ಸಂಗತಿಯಿದು; ಆದರೆ ಇನ್ನೊಬ್ಬರ ಶ್ರದ್ಧೆಯ ನೆರಳು ನಮ್ಮ ಮೇಲೆ ಬೀಳುವ ಬಗೆ ಹೀಗೆಯೇ.

ಗುರುಶಿಷ್ಯರ ಸಂಬಂಧದಲ್ಲಿ ಮುಳ್ಳುಗಳೂ ಇದ್ದವು. ಒಮ್ಮೆ ಫ್ರೇಮ್ ತಮ್ಮ ಕಥೆಯೊಂದನ್ನು ತೋರಿಸಿದರು. ಸಾರ್ಜೆಸನ್ ಎತ್ತಿದ ಸಣ್ಣ ಆಕ್ಷೇಪಣೆ ಅವರ ಮನಸ್ಸಿಗೆ ನಾಟಿತು. ಇನ್ನು ಮುಂದೆ ತೋರಿಸಬಾರದೆಂದು ನಿಶ್ಚಯಿಸಿಕೊಂಡರು. ಆದರೂ ಗುಡಿಸಲಿನ ಬಾಗಿಲು ಮುಚ್ಚಲಿಲ್ಲ, ಊಟ ನಿಲ್ಲಲಿಲ್ಲ, ಮಾತು ನಿಲ್ಲಲಿಲ್ಲ. ತನ್ನ ಕಣ್ಣಿಗೆ ಬೀಳದೆ ಬೆಳೆಯುತ್ತಿರುವ ಕೃತಿಗೆ ನೆಲ ಕೊಟ್ಟು ಸುಮ್ಮನಿರುವುದು ಎಲ್ಲ ಗುರುಗಳಿಗೂ ಸಾಧ್ಯವಾಗುವ ತಾಳ್ಮೆಯಲ್ಲ. ಮೊದಲ ಮಾರ್ಗದರ್ಶಕರಿಗೂ ಇವರಿಗೂ ಇದ್ದ ಅಂತರ ಇಲ್ಲಿ ತಿಳಿಯುತ್ತದೆ. ಅವರಿಗೆ ಆಕೆಯ ಕಾಯಿಲೆ ಬೇಕಾಗಿತ್ತು; ಇವರಿಗೆ ಬೇಕಾದುದು ಆಕೆಯ ಕೆಲಸ.

ಆ ಗುಡಿಸಲಿನಲ್ಲಿ ಮುಗಿದ ಕಾದಂಬರಿಯೇ ‘ಔಲ್ಸ್ ಡೂ ಕ್ರೈ’. ೧೯೫೭ರಲ್ಲಿ ಕ್ರೈಸ್ಟ್‌ಚರ್ಚಿನ ಪೆಗಸಸ್ ಪ್ರೆಸ್ ಅದನ್ನು ಪ್ರಕಟಿಸಿತು. ಸಣ್ಣ ಪಟ್ಟಣವೊಂದರ ಬಡ ಸಂಸಾರ, ಅಕಾಲದಲ್ಲಿ ಸಾಯುವ ಅಕ್ಕ, ಮೂರ್ಛೆರೋಗದ ಅಣ್ಣ, ಆಸ್ಪತ್ರೆ ಸೇರುವ ಡಾಫ್ನಿ ಎಂಬ ಹುಡುಗಿ: ಕಥೆಯ ಮೂಲ ಎಲ್ಲಿಯದೆಂದು ಹೇಳಬೇಕಾಗಿಲ್ಲ. ಆದರೆ ಲೇಖಕಿಯ ಪಾಲಿಗೆ ಬಂದು ತಪ್ಪಿಹೋದ ಶಸ್ತ್ರಕ್ರಿಯೆ ಡಾಫ್ನಿಯ ಪಾಲಿಗೆ ತಪ್ಪಲಿಲ್ಲ. ಇದು ತನ್ನ ಜೀವನಚರಿತ್ರೆಯಲ್ಲ, ಕಾದಂಬರಿ ಎಂದು ಫ್ರೇಮ್ ಕೊನೆಯವರೆಗೂ ಹೇಳುತ್ತಿದ್ದರು. ಆಗ ಅವರಿಗೆ ಎಟುಕಿದ ದೂರ ಅಷ್ಟೇ. ತನ್ನ ನೋವನ್ನು ಬೇರೊಬ್ಬಳ ಹೆಸರಿನಲ್ಲಿ ಕಾಣುವಷ್ಟು ದೂರ.

ಮುನ್ನೂರು ಪೌಂಡು

ಕಾದಂಬರಿ ಮುಗಿದ ಮೇಲೆ ಸಾರ್ಜೆಸನ್ ಒಂದು ವಿಷಯವನ್ನು ಮನಗಂಡರು. ರೋಗಿಯೆಂಬ ಹಣೆಪಟ್ಟಿ ಹತ್ತಿದ ಊರಿನಲ್ಲಿಯೇ ಉಳಿದರೆ ಆಕೆ ಆ ಪಟ್ಟಿಯಿಂದ ಬಿಡಿಸಿಕೊಳ್ಳಲಾರಳು. ನ್ಯೂಜಿಲೆಂಡ್ ಸರ್ಕಾರ ಲೇಖಕರಿಗೆ ನೆರವಾಗಲು ೧೯೪೦ರ ದಶಕದ ಉತ್ತರಾರ್ಧದಲ್ಲಿ ಸಾಹಿತ್ಯ ನಿಧಿಯೊಂದನ್ನು ಏರ್ಪಡಿಸಿತ್ತು. ಪರದೇಶ ಪ್ರವಾಸದಿಂದ ಅನುಭವವನ್ನು ವಿಸ್ತರಿಸಿಕೊಳ್ಳಲೆಂದು ಆ ನಿಧಿಯಿಂದ ಫ್ರೇಮ್ ಅವರಿಗೆ ೩೦೦ ಪೌಂಡು ದೊರೆಯುವಂತೆ ಅವರು ಶ್ರಮಿಸಿದರು. ೧೯೫೬ರಲ್ಲಿ ಫ್ರೇಮ್ ಹಡಗು ಹತ್ತಿದರು.

ಆ ಹಣ ಹೇಗೆ ವ್ಯಯವಾಯಿತೆಂದು ಲೆಕ್ಕ ಕೇಳುವವರಿಗೆ ಉತ್ತರ ಸಮಾಧಾನಕರವಾಗಿರಲಾರದು. ಲಂಡನ್ನಿನಲ್ಲಿ ಕೆಲವು ದಿನ; ಅಗ್ಗದಲ್ಲಿ ಬದುಕಬಹುದೆಂದು ಸ್ಪೇನಿನ ಇಬೀಜಾ ದ್ವೀಪದಲ್ಲಿ ಕೆಲವು ತಿಂಗಳು; ಅಲ್ಲಿಂದ ಪಿರನೀಸ್ ಪರ್ವತಗಳ ನಡುವಣ ಪುಟ್ಟ ದೇಶ ಆಂಡೋರಾ; ಮರಳಿ ಲಂಡನ್ನು; ಕೊನೆಗೆ ಆಸ್ಪತ್ರೆ. ವರ್ಷದ ಕೊನೆಗೆ ವರದಿ ಬೇಡುವ ಸಮಿತಿಯೊಂದು ಇದನ್ನು ನಷ್ಟದ ಬಾಬಿನಲ್ಲಿ ಬರೆದುಕೊಂಡರೆ ಆಶ್ಚರ್ಯವಿಲ್ಲ.

ಆದರೆ ಅದೇ ಆಸ್ಪತ್ರೆಯಲ್ಲಿ, ಲಂಡನ್ನಿನ ಮಾಡ್ಸ್ಲಿಯಲ್ಲಿ, ವೈದ್ಯರು ಆಕೆಯನ್ನು ಬಹುಕಾಲ ಪರೀಕ್ಷಿಸಿ ಒಂದು ತೀರ್ಮಾನಕ್ಕೆ ಬಂದರು: ಆಕೆಗೆ ಸ್ಕಿಜೋಫ್ರೇನಿಯಾ ಎಂದೂ ಇರಲೇ ಇಲ್ಲ. ಹತ್ತು ವರ್ಷ ಹೊತ್ತ ಹೆಸರು ಹೀಗೆ ಸುಳ್ಳಾದಾಗ ಫ್ರೇಮ್ ಅವರಿಗೆ ಮೊದಲು ಉಂಟಾದುದು ಸಂತೋಷವಲ್ಲ, ಮೈಮೇಲಿನ ಬಟ್ಟೆಯನ್ನು ಕಳಚಿದಂತಹ ಕಳವಳ. ಆಗ ಅವರಿಗೆ ದೊರೆತ ವೈದ್ಯರು ರಾಬರ್ಟ್ ಕಾಲೀ. ಬೇರೆಯವರಂತೆ ಬೆರೆತು ಬಾಳಬೇಕೆಂದು ಅವರು ಒತ್ತಾಯಿಸಲಿಲ್ಲ. ಒಂಟಿಯಾಗಿರುವುದು, ಬರೆಯುವುದು ಆಕೆಯ ಸ್ವಭಾವವಾದರೆ ಹಾಗೆಯೇ ಬಾಳಬಹುದೆಂದರು. ಆಸ್ಪತ್ರೆಯ ವರ್ಷಗಳನ್ನು ಬರೆದು ನೋಡುವಂತೆ ಸೂಚಿಸಿದವರೂ ಅವರೇ. ಇಂಗ್ಲೆಂಡಿನ ಸರ್ಕಾರ ನಿರ್ಗತಿಕರಿಗೆ ಕೊಡುತ್ತಿದ್ದ ಸಹಾಯಧನದ ಆಧಾರದಿಂದ ಫ್ರೇಮ್ ಬರೆದರು. ೧೯೬೧ರಲ್ಲಿ ‘ಫೇಸಸ್ ಇನ್ ದ ವಾಟರ್’ ಹೊರಬಂದಿತು. ಮಾನಸಿಕ ಆಸ್ಪತ್ರೆಯ ಒಳಗಣ ಬಾಳನ್ನು ಅಲ್ಲಿ ಬಾಳಿದವಳ ಕಣ್ಣಿನಿಂದ ಕಾಣಿಸಿದ ಆ ಪುಸ್ತಕದಲ್ಲಿಯೂ ನಾಯಕಿಗೆ ಬೇರೆ ಹೆಸರು, ಮೊದಲಿಗೆ ಇದು ಕಲ್ಪಿತವೆಂಬ ಸೂಚನೆ. ಆದರೆ ಈಗ ಮುಖವಾಡ ತೆಳುವಾಗಿತ್ತು.

‘ನಾನು’ ಎನ್ನುವ ಧೈರ್ಯ

೧೯೬೩ರಲ್ಲಿ ಫ್ರೇಮ್ ತಾಯ್ನಾಡಿಗೆ ಮರಳಿದರು. ೧೯೬೫ರಲ್ಲಿ ಒಟಾಗೊ ವಿಶ್ವವಿದ್ಯಾಲಯ ಅವರಿಗೆ ರಾಬರ್ಟ್ ಬರ್ನ್ಸ್ ಫೆಲೋಶಿಪ್ ನೀಡಿತು. ಹೆಸರು ಹೇಳಿಕೊಳ್ಳದ ದಾನಿಗಳ ಹಣದಿಂದ ೧೯೫೮ರಲ್ಲಿ ಸ್ಥಾಪಿತವಾದ ಈ ಗೌರವದಲ್ಲಿ ಲೇಖಕನಿಗೆ ವರ್ಷವಿಡೀ ಸಂಬಳವುಂಟು, ಕೋಣೆಯುಂಟು. ಆ ವಿಶ್ವವಿದ್ಯಾಲಯವಿರುವುದು ಡನೀಡಿನ್ನಿನಲ್ಲಿ. ಇಪ್ಪತ್ತು ವರ್ಷಗಳ ಹಿಂದೆ ಆಕೆ ತರಗತಿ ಬಿಟ್ಟು ಹೊರನಡೆದ ಊರು ಅದೇ. ೧೯೭೦ರ ದಶಕದಲ್ಲಿ ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿದ್ದು ಬರೆಯಲು ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಹೆಸರಿನ ಫೆಲೋಶಿಪ್ಪೂ ಬಂದಿತು. ಫ್ರೇಮ್ ಅವರ ತಾಯಿ ಹರೆಯದಲ್ಲಿ ಮನೆಗೆಲಸಕ್ಕಿದ್ದುದು ಇದೇ ಮ್ಯಾನ್ಸ್‌ಫೀಲ್ಡ್ ಅವರ ಬಂಧುಗಳ ಮನೆಯಲ್ಲಿ.

ಇಷ್ಟೆಲ್ಲ ಆದ ಮೇಲೆ, ಐವತ್ತೈದನ್ನು ದಾಟಿದ ಫ್ರೇಮ್ ತಮ್ಮ ಹೆಸರಿನಲ್ಲಿಯೇ ತಮ್ಮ ಕಥೆ ಹೇಳಲು ಕುಳಿತರು. ‘ಟು ದ ಈಸ್-ಲ್ಯಾಂಡ್’ ೧೯೮೨ರಲ್ಲಿ, ‘ಆನ್ ಏಂಜಲ್ ಅಟ್ ಮೈ ಟೇಬಲ್’ ೧೯೮೪ರಲ್ಲಿ, ‘ದಿ ಎನ್ವಾಯ್ ಫ್ರಮ್ ಮಿರರ್ ಸಿಟಿ’ ೧೯೮೫ರಲ್ಲಿ ಪ್ರಕಟವಾದವು. ದ್ವೀಪ ಎಂಬರ್ಥದ ‘ಐಲೆಂಡ್’ ಪದವನ್ನು ಬಾಲ್ಯದಲ್ಲಿ ‘ಈಸ್-ಲ್ಯಾಂಡ್’ ಎಂದು ಓದಿಕೊಂಡಿದ್ದ ನೆನಪಿನಿಂದ ಮೊದಲ ಸಂಪುಟದ ಹೆಸರು ಬಂದಿತು. ಕಾದಂಬರಿಗಳ ಹುಚ್ಚಿಯೇ ಲೇಖಕಿಯೆಂದು ಲೋಕ ನಂಬಿದ್ದ ತಪ್ಪನ್ನು ತಿದ್ದುವುದೂ ಈ ಸಂಪುಟಗಳ ಒಂದು ಉದ್ದೇಶವಾಗಿತ್ತು. ತನ್ನನ್ನು ಕುರಿತು ಬೇರೆಯವರು ಬರೆದ ತೀರ್ಪುಗಳ ಮೇಲೆ ಕೊನೆಯ ಮಾತನ್ನು ಆಡಿದವರು ಆಕೆಯೇ. ೧೯೯೦ರಲ್ಲಿ ಜೇನ್ ಕ್ಯಾಂಪಿಯನ್ ಇವನ್ನು ಆಧರಿಸಿ ತೆಗೆದ ಚಲನಚಿತ್ರ ಆ ಮಾತನ್ನು ಲೋಕಕ್ಕೆಲ್ಲ ಮುಟ್ಟಿಸಿತು. ಟಕಪುನದ ಗುಡಿಸಲು ಎರಡನೆಯ ಸಂಪುಟದಲ್ಲಿ ಬರುತ್ತದೆ. ಲೆಕ್ಕಕ್ಕೆ ಸಿಗದೆ ಹೋದ ಮುನ್ನೂರು ಪೌಂಡುಗಳ ಆ ಪ್ರವಾಸವೇ ಮೂರನೆಯ ಸಂಪುಟದ ಆರಂಭ. ಇಪ್ಪತ್ತೊಂಬತ್ತು ವರ್ಷಗಳ ತರುವಾಯ ನಿಧಿಗೆ ವರದಿ ಸಲ್ಲಿತೆಂದು ಹೇಳಬಹುದು.

ಕೊಡುವವರೂ ಪಡೆಯುವವರೂ

ಈ ಸಹಾಯವಿಲ್ಲದಿದ್ದರೆ ಫ್ರೇಮ್ ಬರೆಯುತ್ತಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೊದಲ ಕಥೆಗಳನ್ನು ಅವರು ಬರೆದುದು ಯಾವ ನಿಧಿಯ ನೆರವೂ ಇಲ್ಲದೆ. ಪ್ರತಿಭೆಯನ್ನು ಹಣ ಸೃಷ್ಟಿಸಲಾರದು, ಗುರುವೂ ಸೃಷ್ಟಿಸಲಾರ. ಆದರೆ ಪ್ರತಿಭೆಯುಳ್ಳ ವ್ಯಕ್ತಿ ತನ್ನ ಕಥೆ ಹೇಳುವಷ್ಟು ಕಾಲ ಉಳಿದಿರಬೇಕು. ಹೇಳಲು ಹೆದರದಷ್ಟು ದೂರ ಬಂದಿರಬೇಕು. ಬಹುಮಾನ ಆಕೆಯನ್ನು ಉಳಿಸಿತು. ಗುಡಿಸಲು ಆಕೆಗೆ ಕಾಲವನ್ನು ಕೊಟ್ಟಿತು. ಮುನ್ನೂರು ಪೌಂಡು ದೂರಕ್ಕೆ ಒಯ್ದಿತು. ವೈದ್ಯರು ಹಣೆಪಟ್ಟಿಯನ್ನು ಕಿತ್ತರು. ಇವುಗಳಲ್ಲಿ ಯಾವುದೂ ಒಂದು ವಾಕ್ಯವನ್ನಾದರೂ ಆಕೆಗಾಗಿ ಬರೆಯಲಿಲ್ಲ.

ಉಪಾಧ್ಯಾಯರಿಗೂ ಪೋಷಕರಿಗೂ ಇದರಿಂದ ತಿಳಿಯಬೇಕಾದುದು ಉಂಟು. ತನ್ನ ಬಾಳನ್ನು ಬರೆಯಹೊರಟ ತರುಣನ ಮುಂದೆ ಕುಳಿತಾಗ ನಮಗೆ ಅವನ ದುಃಖದ ವಿವರಗಳು ಬೇಕೋ, ಅವನ ಬರವಣಿಗೆ ಬೇಕೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಅಂತೆಯೇ ಧನಸಹಾಯ ಮಾಡುವ ಸಂಸ್ಥೆಗಳು ಫಲವನ್ನು ಕಾಯುವ ಸಹನೆ ಕಲಿಯಬೇಕು. ಆತ್ಮಕಥನ ಆರು ತಿಂಗಳ ಬೆಳೆಯಲ್ಲ. ಪಡೆಯುವವರಿಗೂ ಒಂದು ಮಾತು: ಕೃತಜ್ಞತೆಯೆಂದರೆ ಕೃತಿಯನ್ನು ಒಪ್ಪಿಸಿಬಿಡುವುದಲ್ಲ. ಫ್ರೇಮ್ ಗುರುವಿನ ಅನ್ನ ಉಂಡರು. ತನ್ನ ಹಸ್ತಪ್ರತಿಯನ್ನು ತನ್ನಲ್ಲಿಯೇ ಇಟ್ಟುಕೊಂಡರು. ಆತ್ಮಕಥೆಯಲ್ಲಿ ಆತನ ಔದಾರ್ಯವನ್ನು ನೆನೆದಂತೆ ತನಗಾದ ನೋವನ್ನೂ ಮರೆಸಲಿಲ್ಲ.

ಸಾರ್ಜೆಸನ್ ಸ್ವತಃ ತಮ್ಮ ಬದುಕನ್ನು ಕುರಿತು ಮೂರು ಪುಸ್ತಕಗಳನ್ನು ಬರೆದು, ೧೯೮೨ರಲ್ಲಿ ತೀರಿಕೊಂಡರು. ಅವರ ಮನೆಯನ್ನು ಸಾಹಿತ್ಯ ಸ್ಮಾರಕವಾಗಿ ಉಳಿಸಲಾಯಿತು. ಅವರ ಹೆಸರಿನಲ್ಲಿ ಲೇಖಕರಿಗೆ ಫೆಲೋಶಿಪ್ ೧೯೮೭ರಲ್ಲಿ ಆರಂಭವಾಯಿತು. ಅದನ್ನು ಮೊದಲು ಪಡೆದವರ ಸಾಲಿನಲ್ಲಿ ಜಾನೆಟ್ ಫ್ರೇಮ್ ಇದ್ದರು. ೧೯೯೯ರಲ್ಲಿ ಫ್ರೇಮ್ ತಮ್ಮ ಹೆಸರಿನಲ್ಲಿ ಒಂದು ಸಾಹಿತ್ಯ ಟ್ರಸ್ಟನ್ನು ಸ್ಥಾಪಿಸಿದರು. ೨೦೦೪ರ ಜನವರಿಯಲ್ಲಿ, ಹುಟ್ಟಿದ ಡನೀಡಿನ್ನಿನಲ್ಲಿಯೇ, ಅವರು ನಿಧನರಾದರು. ಅವರ ಪುಸ್ತಕಗಳಿಂದ ಬರುವ ಗೌರವಧನವನ್ನು ಅವರು ಬಿಟ್ಟುಹೋದುದು ಆ ಟ್ರಸ್ಟಿಗೆ; ನ್ಯೂಜಿಲೆಂಡಿನ ಇತರ ಲೇಖಕರಿಗೆ ಅದು ನೆರವು ನೀಡುತ್ತದೆ.